ಮನೆಯ ಪರದೆ, ಮನದ ಆಸ್ರವ

ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿದಿದೆ. ದೇವರ ಮುಂದೆ ದೀಪ ಬೆಳಗಿದೆ. ಮನೆಯ ಹಿರಿಯರೊಬ್ಬರು ಪಡಸಾಲೆಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದಾರೆ. ಮಣಿಗಳು ಬೆರಳುಗಳ ನಡುವೆ ಒಂದೊಂದಾಗಿ ಸರಿಯುತ್ತಿವೆ. ತುಟಿಯಲ್ಲಿ ಪಂಚನಮಸ್ಕಾರ ಮಂತ್ರವಿದೆ. ಕಣ್ಣು ಮಾತ್ರ ಎದುರಿನ ಟಿ.ವಿ.ಯ ಮೇಲಿದೆ. ಧಾರಾವಾಹಿಯಲ್ಲಿ ಯಾರೋ ಯಾರದೋ ಹಾಲಿಗೆ ವಿಷ ಬೆರೆಸುತ್ತಿದ್ದಾರೆ. ‘ಇವಳಿಗೆ ಸಾವಾದರೂ ಬರಬಾರದೇ’ ಎಂಬ ಮಾತು ಮಂತ್ರದ ನಡುವೆಯೇ ಹೊರಬೀಳುತ್ತದೆ. ಒಳಕೋಣೆಯಲ್ಲಿ ಮೊಮ್ಮಗ ಮೊಬೈಲ್‌ನಲ್ಲಿ ಹೊಡೆದಾಟದ ಸಿನಿಮಾ ನೋಡುತ್ತ, ಒಬ್ಬೊಬ್ಬ ಖಳನು ಉರುಳಿದಾಗಲೂ ಚಪ್ಪಾಳೆ ತಟ್ಟುತ್ತಿದ್ದಾನೆ.

ಇದು ಯಾವುದೋ ಒಂದು ಮನೆಯ ಚಿತ್ರವಲ್ಲ. ಇಲ್ಲಿರುವವರು ಧರ್ಮ ಬಿಟ್ಟವರೂ ಅಲ್ಲ. ನೀರನ್ನು ಸೋಸಿ ಕುಡಿಯುವವರು, ಇರುವೆಯ ಸಾಲು ಕಂಡರೆ ಕಾಲು ಹಿಂದೆಗೆಯುವವರು. ಹಾಗಿದ್ದೂ ಪರದೆಯ ಮೇಲೆ ನಡೆಯುವ ಕೊಲೆ, ಸುಲಿಗೆ, ಸಂಚುಗಳನ್ನು ದಿನವೂ ನಿಶ್ಚಿಂತೆಯಿಂದ ಮನೆಯೊಳಗೆ ಬರಮಾಡಿಕೊಳ್ಳುತ್ತಾರೆ. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಅದು ಬರಿಯ ಕಥೆ. ಅಲ್ಲಿ ನಿಜವಾಗಿ ಯಾರೂ ಸಾಯುವುದಿಲ್ಲವಲ್ಲ!’

ಈ ಉತ್ತರವನ್ನು ಪರೀಕ್ಷಿಸಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ತಿರುಳೇ ಇದು. ಯಶೋಧರನು ಜೀವವಿರುವ ಕೋಳಿಯನ್ನು ಕೊಲ್ಲಲು ಒಪ್ಪಲಿಲ್ಲ. ಆದರೆ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅಲ್ಲಿಯೂ ನಿಜವಾಗಿ ಯಾವ ಜೀವವೂ ಸಾಯಲಿಲ್ಲ. ಆದರೂ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಬೇಕಾಯಿತು. ಕತ್ತಿಗೆ ಸಿಕ್ಕಿದ್ದು ಹಿಟ್ಟು. ಸಂಕಲ್ಪಕ್ಕೆ ಸಿಕ್ಕಿದ್ದು ಜೀವ. ದ್ರವ್ಯಹಿಂಸೆಯಿಲ್ಲದೆಯೂ ಭಾವಹಿಂಸೆ ಇರಬಲ್ಲದು ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳುವ ಕಥೆ ಮತ್ತೊಂದು ಸಿಗಲಾರದು.

ಸಿನಿಮಾದಲ್ಲಿ ಕೊಲೆ ನೋಡಿದವನೂ ಕೊಲೆ ಮಾಡಿದವನೂ ಸಮಾನರೆಂದು ಇದರ ಅರ್ಥವಲ್ಲ. ಯಶೋಧರನ ಸಂಕಲ್ಪ ಬೇರೆ, ನೋಡುಗನ ಕುತೂಹಲ ಬೇರೆ. ಜೈನ ಕರ್ಮಸಿದ್ಧಾಂತವು ಇಂಥ ಅಂತರಗಳನ್ನು ಸೂಕ್ಷ್ಮವಾಗಿ ಗುರುತಿಸುತ್ತದೆ. ಮನ, ವಚನ, ಕಾಯಗಳ ಚಲನೆಯಿಂದ ಕರ್ಮದ ಆಸ್ರವವಾಗುತ್ತದೆ. ಅದು ಎಷ್ಟು ಕಾಲ ನಿಲ್ಲುತ್ತದೆ, ಎಷ್ಟು ತೀವ್ರವಾಗಿ ಫಲ ಕೊಡುತ್ತದೆ ಎಂಬುದನ್ನು ಕಷಾಯಗಳು ನಿರ್ಧರಿಸುತ್ತವೆ. ಆದ್ದರಿಂದ ಪರದೆಯ ಮೇಲೆ ಏನು ನಡೆಯಿತು ಎಂಬುದಕ್ಕಿಂತ, ಅದನ್ನು ನೋಡುವಾಗ ನೋಡುಗನ ಒಳಗೆ ಏನು ನಡೆಯಿತು ಎಂಬುದೇ ಮುಖ್ಯ ಪ್ರಶ್ನೆ. ಖಳನ ಸಾವಿಗೆ ಮನ ಹಿಗ್ಗಿತೇ? ಕಪಟದ ಜಾಣ್ಮೆಯನ್ನು ಮೆಚ್ಚಿತೇ? ಕಳ್ಳನು ಸಿಕ್ಕಿಬೀಳದಿರಲೆಂದು ಹಾರೈಸಿತೇ? ಪರದೆಯ ವೈಭವಕ್ಕೆ ಬಾಯಿಬಿಟ್ಟಿತೇ? ಹಿಂಸಾನಂದ, ಮೃಷಾನಂದ, ಚೌರ್ಯಾನಂದ, ಪರಿಗ್ರಹಾನಂದ ಎಂದು ರೌದ್ರಧ್ಯಾನವನ್ನು ಆಚಾರ್ಯರು ನಾಲ್ಕಾಗಿ ವಿಂಗಡಿಸಿದ್ದಾರೆ. ಒಂದೇ ಸಂಜೆಯಲ್ಲಿ ಈ ನಾಲ್ಕೂ ಬಾಗಿಲುಗಳನ್ನು ದಾಟಿ ಬರುವುದು ಇಂದಿನ ಮನೆಮಂದಿಗೆ ಕಷ್ಟವೇನಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರರಲ್ಲಿ ಮೊದಲ ಎರಡನ್ನು ಬಿಟ್ಟವರೂ ಮೂರನೆಯದರಲ್ಲಿ ಎಡವುವುದು ಇಲ್ಲಿಯೇ.

ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಗೃಹಸ್ಥರಿಗಾಗಿಯೇ ರಚಿತವಾದ ಗ್ರಂಥ. ಅದರಲ್ಲಿ ಅನರ್ಥದಂಡವೆಂಬ ದೋಷದ ವಿವರಣೆಯಿದೆ. ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪವೇ ಅನರ್ಥದಂಡ. ಹೊಲ ಉಳುವವನಿಗೆ, ಅಡುಗೆ ಮಾಡುವವರಿಗೆ, ವ್ಯಾಪಾರಿಗೆ ಒಂದಿಷ್ಟು ಹಿಂಸೆ ಅನಿವಾರ್ಯ. ಅದಕ್ಕೆ ಬದುಕಿನ ಕಾರಣವಿದೆ. ಆದರೆ ಯಾವ ಕಾರಣವೂ ಇಲ್ಲದೆ ಹೊರುವ ಹೊರೆಗೆ ಏನೆನ್ನಬೇಕು? ಇದರ ಐದು ಬಗೆಗಳಲ್ಲಿ ದುಃಶ್ರುತಿಯೂ ಒಂದು. ರಾಗ, ದ್ವೇಷ, ಮದ, ಕಾಮಗಳನ್ನು ಕೆರಳಿಸಿ ಚಿತ್ತವನ್ನು ಕಲಕುವಂಥದ್ದನ್ನು ಕೇಳುವುದೇ ದುಃಶ್ರುತಿ. ಮತ್ತೊಂದು ಅಪಧ್ಯಾನ. ದ್ವೇಷದಿಂದ ಮತ್ತೊಬ್ಬರಿಗೆ ಸಾವು, ಸೆರೆ ಬರಲೆಂದು ಚಿಂತಿಸುವುದು ಇದರಲ್ಲಿ ಸೇರುತ್ತದೆ. ಜಪಮಾಲೆ ಹಿಡಿದವರ ಬಾಯಿಂದ ಹೊರಬಿದ್ದ ಮಾತು ಈ ಮಾತಿಗೆ ತಕ್ಕ ಉದಾಹರಣೆ. ಶಪಿಸಿದ್ದು ಇಲ್ಲದ ಸೊಸೆಯನ್ನು. ಕಲಕಿದ್ದು ಇರುವ ಚಿತ್ತವನ್ನು.

ಊಟದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಅಹಿಂಸಾವ್ರತವನ್ನು ಗಟ್ಟಿಗೊಳಿಸುವ ಐದು ಭಾವನೆಗಳಲ್ಲಿ ‘ಆಲೋಕಿತಪಾನಭೋಜನ’ವೂ ಒಂದೆಂದು ‘ತತ್ತ್ವಾರ್ಥಸೂತ್ರ’ ಹೇಳುತ್ತದೆ. ಅಂದರೆ ಬೆಳಕಿನಲ್ಲಿ ನೋಡಿ ಉಣ್ಣುವುದು, ನೋಡಿ ಕುಡಿಯುವುದು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣನ್ನು ಪರದೆಗೆ ಕೊಟ್ಟವರು ಏನನ್ನು ನೋಡಿ ಉಣ್ಣುತ್ತಾರೆ? ರಾತ್ರಿ ಹನ್ನೊಂದರವರೆಗೆ ಸಾಗುವ ಸಿನಿಮಾ ಕುರುಕಲು ತಿಂಡಿಯನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ರಾತ್ರಿಭೋಜನ ತ್ಯಾಗದ ನಿಯಮ ಅನೇಕ ಮನೆಗಳಲ್ಲಿ ಹಸಿವಿನಿಂದ ಮುರಿಯುವುದಿಲ್ಲ, ಇಂಥ ನೋಟದಿಂದ ಮುರಿಯುತ್ತದೆ.

ಹಾಗಾದರೆ ನೋಡುವುದೇ ದೋಷವೇ? ಅಲ್ಲ. ನೋಟವೊಂದು ವೈರಾಗ್ಯಕ್ಕೂ ಕಾರಣವಾದದ್ದನ್ನು ಜೈನ ಪರಂಪರೆ ಆದರದಿಂದ ನೆನೆಯುತ್ತದೆ. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗ ಕನ್ನಡಿಗರಿಗೆ ಚಿರಪರಿಚಿತ. ಆದಿದೇವನ ಸಭೆಯಲ್ಲಿ ನರ್ತಿಸುತ್ತಿದ್ದಾಗಲೇ ಅವಳ ಆಯುಷ್ಯ ಮುಗಿಯಿತು. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅವಳಂಥ ಮತ್ತೊಬ್ಬಳನ್ನು ನಿರ್ಮಿಸಿದನು. ಸಭೆಗೆ ಅದು ತಿಳಿಯಲೇ ಇಲ್ಲ, ಆದಿದೇವನಿಗೆ ತಿಳಿಯಿತು. ನೃತ್ಯ ಒಂದೇ, ನೋಡಿದ ಕಣ್ಣುಗಳು ಬೇರೆ. ಸಭೆ ರಂಜನೆಯನ್ನು ಕಂಡಿತು, ಆದಿದೇವನು ಅನಿತ್ಯವನ್ನು ಕಂಡನು. ಸಿನಿಮಾದ ಮಾಯೆಯೂ ಹೀಗೆಯೇ ಇದೆ. ಸೆಕೆಂಡಿಗೆ 24 ಬಿಡಿ ಚಿತ್ರಗಳು ಒಂದರ ಹಿಂದೊಂದು ಅಳಿಯುತ್ತ ಬರುತ್ತವೆ. ಕಣ್ಣಿಗೆ ಅದು ಅಖಂಡ ಬದುಕಿನಂತೆ ತೋರುತ್ತದೆ. ಅಳಿವನ್ನು ಕಾಣದೆ ಕುಳಿತ ಆ ಸಭೆ ಇಂದು ಪ್ರತಿ ಮನೆಯ ಪಡಸಾಲೆಯಲ್ಲಿಯೂ ಇದೆ.

ಗೃಹಸ್ಥರು ಆದಿದೇವನಂತೆ ಕೂಡಲೇ ಎಲ್ಲವನ್ನೂ ತೊರೆಯಬೇಕೆಂದು ಶ್ರಾವಕಾಚಾರ ಹೇಳುವುದಿಲ್ಲ. ಅದು ಅಳತೆಯನ್ನು ಕೇಳುತ್ತದೆ. ಭೋಗೋಪಭೋಗ ಪರಿಮಾಣ ವ್ರತವನ್ನು ಹೇಳುವಾಗ ಸಮಂತಭದ್ರರು ಊಟ, ವಾಹನ, ಹಾಸಿಗೆ, ಬಟ್ಟೆ, ಒಡವೆಗಳ ಜೊತೆಗೆ ಸಂಗೀತವನ್ನೂ ಗೀತವನ್ನೂ ಸೇರಿಸಿದ್ದಾರೆ. ಜೀವಮಾನವಿಡೀ ಬಿಡುವುದು ಯಮ. ಕಾಲದ ಮಿತಿ ಇಟ್ಟುಕೊಂಡು ಬಿಡುವುದು ನಿಯಮ. ಇಂದು ಒಂದು ದಿನ, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು ಹೀಗೆ ಶಕ್ತಿಗೆ ತಕ್ಕಂತೆ ಗಡುವು ಹಾಕಿಕೊಳ್ಳಬಹುದು. ಈ ವ್ರತ ಇಂದಿನ ಮನೆಗಳಿಗೆಂದೇ ಹೇಳಿದಂತಿದೆ. ಏಕೆಂದರೆ ಒಂದು ಕಂತು ಮುಗಿದೊಡನೆ ಮುಂದಿನದು ತಾನಾಗಿಯೇ ಆರಂಭವಾಗುವ ಕಾಲವಿದು. ‘ಸಾಕು’ ಎಂಬ ಮಾತನ್ನು ಯಂತ್ರ ಹೇಳುವುದಿಲ್ಲ, ನೋಡುಗನೇ ಹೇಳಬೇಕು.

ಆದ್ದರಿಂದ ಮನೆಯವರೆಲ್ಲ ಒಮ್ಮೆ ಒಟ್ಟಿಗೆ ಕುಳಿತು ಚಿಕ್ಕ ನಿಯಮಗಳನ್ನು ಮಾಡಿಕೊಳ್ಳಲಿ. ಊಟದ ಹೊತ್ತಿನಲ್ಲಿ ಪರದೆ ಬೇಡ. ಜಪದ ಹೊತ್ತಿನಲ್ಲಂತೂ ಬೇಡವೇ ಬೇಡ. ಏನನ್ನು, ಎಷ್ಟು ಹೊತ್ತು ನೋಡುವುದೆಂದು ಮೊದಲೇ ನಿಶ್ಚಯವಾಗಲಿ. ಅಷ್ಟಮಿ, ಚತುರ್ದಶಿಗಳಂದು, ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಪೂರ್ಣ ವಿರಾಮವಿರಲಿ. ಮಕ್ಕಳಿಗೆ ನಿಷೇಧ ಹೇರಿ, ಹಿರಿಯರು ಧಾರಾವಾಹಿ ನೋಡುತ್ತ ಕೂರುವುದು ಬೇಡ. ಮಾತಿಗಿಂತ ಮಾದರಿಯೇ ಮಕ್ಕಳಿಗೆ ಬೇಗ ತಲುಪುತ್ತದೆ. ನೋಡಿ ಮುಗಿದ ಮೇಲೆ ‘ಯಾವ ದೃಶ್ಯಕ್ಕೆ ಮನ ಹಿಗ್ಗಿತು, ಏಕೆ ಹಿಗ್ಗಿತು’ ಎಂದು ತನ್ನನ್ನು ತಾನೇ ಕೇಳಿಕೊಂಡರೆ ಅದೂ ಒಂದು ಬಗೆಯ ಆಲೋಚನೆಯೇ, ಪ್ರತಿಕ್ರಮಣದ ಮೊದಲ ಹೆಜ್ಜೆಯೇ.

ಸಾಮಾಯಿಕಕ್ಕೆ ಬೇಕಾದದ್ದು ಎರಡು ಘಳಿಗೆ, ಅಂದರೆ 48 ನಿಮಿಷ. ಒಂದೆರಡು ಕಂತುಗಳ ಹೊತ್ತು ಅಷ್ಟೇ. ಸಮಯವಿಲ್ಲವೆಂಬ ಮಾತನ್ನು ಪಡಸಾಲೆಯ ಪರದೆಯೇ ಪ್ರತಿ ಸಂಜೆ ಸುಳ್ಳಾಗಿಸುತ್ತಿದೆ. ಕಥೆಯೊಳಗಿನ ಯಾರದೋ ಸುಖದುಃಖವನ್ನು ವರ್ಷಗಟ್ಟಲೆ ಹಿಂಬಾಲಿಸುವ ತಾಳ್ಮೆ ಮನುಷ್ಯನಿಗಿದೆ. ಆ ತಾಳ್ಮೆಯಲ್ಲಿ ಒಂದಂಶವನ್ನು ಅವನು ತನ್ನ ಆತ್ಮದ ಕಥೆಗೆ ಕೊಟ್ಟರೆ ಸಾಕು. ಬೆರಳ ನಡುವೆ ಸರಿಯುವ ಮಣಿಯ ಜೊತೆಗೆ ಮನವೂ ಮುಂದೆ ಸಾಗೀತು.