‘ಪತ್ತೆಯಾಗಿಲ್ಲ’ ಅಂದರೆ ‘ಇಲ್ಲ’ ಅಂತಲ್ಲ

ಹೋದ ವರ್ಷ ನನ್ನ ಕಾಫಿಯ ಲ್ಯಾಬ್ ರಿಪೋರ್ಟ್ ಬಂದ ದಿನವೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. 200ಕ್ಕೂ ಹೆಚ್ಚು ಕೀಟನಾಶಕಗಳ ಹೆಸರು, ಎಲ್ಲದರ ಮುಂದೂ ‘ಪತ್ತೆಯಾಗಿಲ್ಲ’. ಪಾಳ್ಯದ ಸಾವಯವ ತೋಟಕ್ಕೆ ಇನ್ನೇನು ಬೇಕು? ಆಮೇಲೆ ಖರೀದಿದಾರರೊಬ್ಬರು ಫೋನ್ ಮಾಡಿ, “ಇದರಲ್ಲಿ ಗ್ಲೈಫೋಸೇಟ್ ಎಲ್ಲಿದೆ?” ಅಂದರು. ಮೂರು ಸಲ ಹುಡುಕಿದೆ. ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ತೋಟಗಾರಿಕೆ ಓದಿದ ನನಗೆ ನಾಚಿಕೆಯಾಯ್ತು.

ಆಳು ಸಿಗದ ನಮ್ಮ ಸಕಲೇಶಪುರ, ಆಲೂರು ಕಡೆ ಕಳೆಗೆ ಹೊಡೆಯೋದು ಮುಖ್ಯವಾಗಿ ಅದನ್ನೇ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಹೊರತು ಬೇರೆಯವರು ಬಳಸಬಾರದು ಅಂತ ಆದೇಶ ಮಾಡಿತು. ಮೇಲಿನ ತೋಟದ ಸ್ಪ್ರೇಯರ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಾಗಾದರೆ ಲ್ಯಾಬ್ ಮೋಸ ಮಾಡಿತೇ? ಇಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಪುಡಿಯಿಂದ ವಿಷವನ್ನು ಅಸಿಟೋನೈಟ್ರೈಲ್ ದ್ರಾವಕಕ್ಕೆ ಎಳೆಯುತ್ತಾರೆ. ಗ್ಲೈಫೋಸೇಟ್ ಉಪ್ಪಿನ ಸ್ವಭಾವದ್ದು, ನೀರನ್ನು ಬಿಟ್ಟು ಬರೋದಿಲ್ಲ. ಅಷ್ಟಿಷ್ಟು ಬಂದರೂ ಮುಂದೆ ಕಾಲಂ ಇದೆ. ಬೆರಳುದ್ದದ ಸ್ಟೀಲ್ ಕೊಳವೆ, ಒಳಗೆ ಎಣ್ಣೆಗುಣದ ನುಣ್ಣನೆ ಪುಡಿ. ಹೆಚ್ಚಿನ ಕೀಟನಾಶಕಗಳು ಅದಕ್ಕೆ ಅಂಟಿ ಒಂದೊಂದಾಗಿ ಹೊರಬರುತ್ತವೆ. ಗ್ಲೈಫೋಸೇಟ್ ಮಾತ್ರ ನಿಲ್ಲದೆ ಜಾರಿಹೋಗುತ್ತೆ.

ಅದಕ್ಕೇ ಬೇಕಾಗಿರೋದು ಮಿಕ್ಸೆಡ್-ಮೋಡ್ ಕಾಲಂ. ಅದರ ಪುಡಿಗೆ ಎಣ್ಣೆಗುಣದ ಜೊತೆಗೆ ವಿದ್ಯುದಾವೇಶವೂ ಇರುತ್ತೆ, ಗ್ಲೈಫೋಸೇಟ್‌ನಂಥದ್ದನ್ನು ಹಿಡಿದು ನಿಲ್ಲಿಸುತ್ತೆ. ನಿಧಾನವಾಗಿ ಬಿಟ್ಟಾಗ ಮಾಸ್ ಸ್ಪೆಕ್ಟ್ರೋಮೀಟರ್ ಅಣುವಿನ ತೂಕ ನೋಡಿ, ಒಡೆದ ಚೂರುಗಳ ತೂಕವನ್ನೂ ನೋಡಿ ಗುರುತಿಸುತ್ತೆ. ಸ್ಯಾಂಪಲ್ ತಯಾರಿಯೂ ಬೇರೆ, ಆಮ್ಲ ಬೆರೆಸಿದ ಮೆಥನಾಲ್‌ನಲ್ಲಿ. ಹಾಗಾಗಿ ಇದು ಬೇರೆಯೇ ಟೆಸ್ಟ್, ಬೇರೆ ಫೀಸು. ಕೇಳದೆ ಯಾರೂ ಮಾಡಿಕೊಡೋದಿಲ್ಲ.

ಲ್ಯಾಬ್‌ಗಳ ಮೇಲೆ ನನ್ನ ತಕರಾರು ಒಂದೇ: ಏನು ಪರೀಕ್ಷೆ ಮಾಡಿಲ್ಲ ಅನ್ನೋದನ್ನೂ ಮೊದಲ ಪುಟದಲ್ಲೇ ಬರೀಬೇಕು. ಅಲ್ಲೀವರೆಗೆ ನೀವೇ ನೋಡಿ. ಎನ್‌ಎಬಿಎಲ್ ವೆಬ್‌ಸೈಟ್‌ನಲ್ಲಿ ಪ್ರತಿ ಲ್ಯಾಬ್‌ನ ‘ಸ್ಕೋಪ್’ ಇದೆ, ಫೋನಲ್ಲೇ ತೆರೆಯುತ್ತೆ. ಕಾಫಿಗೆ ಗ್ಲೈಫೋಸೇಟ್ ಅಂತ ಇದ್ದರೆ ಮಾತ್ರ ದುಡ್ಡು ಕಟ್ಟಿ.

ನಾನು ಬೇಲಿ ಪಕ್ಕದ ನಾಲ್ಕು ಸಾಲಿನ ಬೀಜ ಬೇರೆ ಮಾಡಿ ಕಳಿಸಿದೆ. ಸಿಕ್ಕಿತು. ಕಾಫಿಗೆ ಯುರೋಪಿನವರು ಇಟ್ಟಿರುವ ಕಿಲೋಗೆ 0.1 ಮಿಲಿಗ್ರಾಂ ಮಿತಿಗಿಂತ ಕಡಿಮೆ, ಆದರೂ ಸಿಕ್ಕಿತು. ಈ ಸಲ ಆ ನಾಲ್ಕು ಸಾಲನ್ನು ಬೇರೆ ಕಣದಲ್ಲಿ ಒಣಗಿಸಿದ್ದೇನೆ, ಮಾಮೂಲಿ ಕಾಫಿ ಅಂತಲೇ ಮಾರುತ್ತೇನೆ.