ಆತ್ಮಕ್ಕೆ ಬಿಡುಗಡೆ, ಮೈಗೆ ಜೀತ!

ಹಾಸ್ಟೆಲ್ಲಿನ ಗೆಳೆಯರೇ,

ಪರೀಕ್ಷೆಗೆಂದು ನಾವೆಲ್ಲ ಉರು ಹೊಡೆದ ಪಾಠವೊಂದಿದೆ: ಯುರೋಪಿನ ಮತಸುಧಾರಣೆ. 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಪಾಪವಿಮೋಚನಾ ಪತ್ರಗಳ ವ್ಯಾಪಾರದ ವಿರುದ್ಧ 95 ವಾದ ಬರೆದ. ಯುರೋಪು ಕಣ್ಣು ಬಿಟ್ಟಿತು. ಅಲ್ಲಿಗೆ ಮೇಷ್ಟ್ರು ಪುಸ್ತಕ ಮುಚ್ಚುತ್ತಾರೆ. ಮುಂದಿನ ಪುಟ ಬಿಡಿಸೋದಿಲ್ಲ. ನಾವು ಬಿಡಿಸ್ತೇವೆ.

ಆ ಪುಟದಲ್ಲಿ ಜೀತದಾಳುಗಳಿದ್ದಾರೆ. ಕಾಡಿನ ಸೌದೆ ಒಡೆಯನದು, ಹೊಳೆಯ ಮೀನು ಒಡೆಯನದು. ಆಳು ಸತ್ತರೆ ಅವನ ಕೊಟ್ಟಿಗೆಯಲ್ಲಿ ಇದ್ದುದರಲ್ಲೇ ಒಳ್ಳೇ ದನವನ್ನು ಒಡೆಯ ಹೊಡಕೊಂಡು ಹೋಗುತ್ತಿದ್ದ. ಸಾವಿಗೂ ಕಂದಾಯ! ಈ ಒಡೆಯರಲ್ಲಿ ಮಠಗಳೂ ಇದ್ದವು.

1525ರ ಮಾರ್ಚಿಯಲ್ಲಿ ಮೆಮ್ಮಿಂಗನ್ ಎಂಬ ಊರಲ್ಲಿ ಈ ಜನ ಹನ್ನೆರಡು ಬೇಡಿಕೆಗಳನ್ನು ಮುಂದಿಟ್ಟರು. ಬರೆದುಕೊಟ್ಟವರಲ್ಲಿ ಮುಖ್ಯನಾದವನು ಸೆಬಾಸ್ಟಿಯನ್ ಲೋಟ್ಸರ್, ತುಪ್ಪಳದ ಚರ್ಮ ಹೊಲಿಯುವ ಕಸುಬಿನವನು. (ನಮ್ಮೂರಲ್ಲಾಗಿದ್ದರೆ ಅವನನ್ನು ಊರಾಚೆಗೆ ಇಡುತ್ತಿದ್ದರು.) ಮೂರನೇ ಬೇಡಿಕೆ ನೋಡಿ: ಕ್ರಿಸ್ತ ರಕ್ತ ಸುರಿಸಿದ್ದು ದೊರೆಗೂ ಸೈ, ಕುರಿ ಕಾಯುವವನಿಗೂ ಸೈ, ಅಂದಮೇಲೆ ನಾವು ಯಾರ ಸೊತ್ತೂ ಅಲ್ಲ. ನಮ್ಮದು ತಪ್ಪೆಂದು ಬೈಬಲ್ಲಿನಿಂದಲೇ ತೋರಿಸಿ, ಬಿಟ್ಟುಬಿಡ್ತೇವೆ ಅಂತಲೂ ಬರೆದರು. ಎರಡೇ ತಿಂಗಳಲ್ಲಿ ಆ ಚೋಪಡಿ ಇಪ್ಪತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು.

ಇವರ ಕೈಗೆ ಜರ್ಮನ್ ನುಡಿಯ ಹೊಸ ಒಡಂಬಡಿಕೆ ಕೊಟ್ಟವನು ಲೂಥರನೇ, 1522ರಲ್ಲಿ. ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಓದಿದವರು ಅದರ ಅರ್ಥ ಕೇಳಿದಾಗ ಅವನು ಏನಂದ? ಕ್ರೈಸ್ತನ ಬಿಡುಗಡೆ ಆತ್ಮದ್ದು, ಮೈಯದಲ್ಲ. ಅಬ್ರಹಾಮನ ಮನೆಯಲ್ಲೂ ಗುಲಾಮರಿರಲಿಲ್ಲವೇ ಅಂದ! ಒಡೆಯರನ್ನೂ ಬೈದ, ಸುಳ್ಳು ಹೇಳಬಾರದು. ಆದರೆ ದಂಗೆ ಬಲಿತ ಮೇಲೆ, ಮೇ ತಿಂಗಳಲ್ಲಿ, ದಂಗೆಯೆದ್ದವರನ್ನು ಹುಚ್ಚುನಾಯಿಗೆ ಹೋಲಿಸಿ, ಕೈಲಾದವರೆಲ್ಲ ತಿವಿದು ಕೊಲ್ಲಿ ಎಂದು ಬರೆದ. ಪೋಪನಿಂದ ಅವನ ತಲೆ ಕಾಯ್ದವರು ಅರಸರು. ಅವರ ಋಣ ತೀರಿಸಬೇಕಿತ್ತಲ್ಲ!

ಆತ್ಮ ಎಲ್ಲರದೂ ಒಂದೇ, ಬಾವಿ ಮಾತ್ರ ಬೇರೆ ಬೇರೆ: ಈ ರಾಗ ನಾವು ಕೇಳದ್ದೇ?

ಅರಸರು ಕಾಯಲಿಲ್ಲ. ಮೇ 15ರಂದು ಫ್ರಾಂಕೆನ್‌ಹೌಸನ್ನಿನಲ್ಲಿ ಫಿರಂಗಿಯ ಮುಂದೆ ರೈತರು ಸಾವಿರಗಟ್ಟಲೆ ಸತ್ತರು. ಅವರ ಜೊತೆಗಿದ್ದ ಬೋಧಕ ಥಾಮಸ್ ಮುಂಟ್ಸರನಿಗೆ ಚಿತ್ರಹಿಂಸೆ ಕೊಟ್ಟು 27ರಂದು ತಲೆ ಕಡಿದರು. ಆ ಇಡೀ ದಂಗೆಯಲ್ಲಿ ಸತ್ತವರು 70,000ದಿಂದ 1,00,000 ಎಂದು ಇತಿಹಾಸಕಾರರ ಅಂದಾಜು. ನಮ್ಮ ಪಠ್ಯದಲ್ಲಿ ಇವರಿಗೆ ಒಂದು ಸಾಲೂ ಇಲ್ಲ. ಲೂಥರನಿಗೆ ಚಿತ್ರ ಸಮೇತ ಆರು ಪುಟ.

ಮುಂದಿನ ಪರೀಕ್ಷೆಯಲ್ಲಿ ಮತಸುಧಾರಣೆಯ ಪ್ರಶ್ನೆ ಬಂದರೆ ಆ ಚರ್ಮ ಹೊಲಿಯುವವನ ಹೆಸರು ಬರೆಯೋಣ ಗೆಳೆಯರೇ. ಮೇಷ್ಟ್ರು ಎಷ್ಟು ಅಂಕ ಹಾಕ್ತಾರೋ ನೋಡೇಬಿಡೋಣ.