ಹಳೆಯ ಕಾರು, ನಂಬುಗೆಯ ಕೈ

ಹಳೆಯ ಕಾರನ್ನು ಇರಿಸಿಕೊಂಡವರ ಪಾಡು ಹಳೆಯ ಹೆಂಚಿನ ಮನೆಯಲ್ಲಿ ವಾಸಿಸುವವರ ಪಾಡಿನಂಥದೇ. ಒಂದೆಡೆಯ ಸೋರಿಕೆಯನ್ನು ನಿಲ್ಲಿಸಿದರೆ ಇನ್ನೊಂದೆಡೆ ತೊಟ್ಟಿಕ್ಕತೊಡಗುತ್ತದೆ. ಹಾಗೆಂದು ಅದನ್ನು ತೊರೆಯುವುದೂ ಎಲ್ಲರಿಗೆ ಸಾಧ್ಯವಲ್ಲ. ಕಾಸರಗೋಡಿನಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಸುಮಾರು 50 ಕಿಲೋಮೀಟರ್ ದಾರಿ. ಮನೆಯಲ್ಲಿ ವೃದ್ಧರಿರುವ ಕುಟುಂಬಕ್ಕೆ ಅಂಗಳದಲ್ಲಿ ನಿಂತ ಕಾರು ವೈಭವದ ವಸ್ತುವಲ್ಲ, ಅವಶ್ಯಕತೆ. 2014ರ ಆರಂಭದಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರುಗಳನ್ನು ಇಂದಿಗೂ ಜತನದಿಂದ ಕಾಪಾಡಿಕೊಂಡು ಬಂದವರು ನಮ್ಮಲ್ಲಿ ಅನೇಕರಿದ್ದಾರೆ.

ಇಂಥ ಕಾರಿಗೆ ದೊಡ್ಡ ದುರಸ್ತಿ ಬಂದಾಗ ಮನೆಯವರನ್ನು ಕಾಡುವ ಪ್ರಶ್ನೆ ಹಣದ್ದು ಮಾತ್ರವಲ್ಲ. ಯಾರನ್ನು ನಂಬುವುದು ಎಂಬುದೇ ಹೆಚ್ಚಿನ ಪ್ರಶ್ನೆ. ಬಾನೆಟ್ಟಿನ ಕೆಳಗಿನ ಲೋಕ ನಮ್ಮಲ್ಲಿ ಬಹುಮಂದಿಗೆ ಅಪರಿಚಿತ. ಮೆಕ್ಯಾನಿಕ್ ಹೇಳಿದ್ದೇ ವೇದವಾಕ್ಯ. ಅಲ್ಲಿಯೇ ಸಜ್ಜನನ ಪರೀಕ್ಷೆ, ಅಲ್ಲಿಯೇ ವಂಚಕನ ಅವಕಾಶ.

ನಮಗೆ ಪರಿಚಿತರಾದ ನಿವೃತ್ತ ಅಧ್ಯಾಪಕರೊಬ್ಬರ ಕಾರು ಬೆಳಗ್ಗೆ ಚಾಲೂ ಮಾಡಿದೊಡನೆ ನೀಲಿ ಹೊಗೆ ಉಗುಳುತ್ತಿತ್ತು. ಒಂದು ಗ್ಯಾರೇಜಿನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಂಜಿನನ್ನು ಪೂರ್ತಿ ಬಿಚ್ಚಬೇಕೆಂದು ತೀರ್ಪಿತ್ತರು. ಇನ್ನೊಬ್ಬ ಮೆಕ್ಯಾನಿಕ್, ಹೊಗೆ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏರಿನಲ್ಲಿಯೂ ಬರುತ್ತದೆಯೇ ಎಂದು ಮೊದಲು ವಿಚಾರಿಸಿ, ಅನಂತರ ಕಂಪ್ರೆಷನ್ ಪರೀಕ್ಷೆ ಮಾಡಿ, ವಾಲ್ವ್ ಸೀಲುಗಳನ್ನು ಬದಲಿಸಿದರೆ ಸಾಕೆಂದನು. ಕೆಲಸ ಅಷ್ಟಕ್ಕೇ ಮುಗಿಯಿತು. ಮೊದಲಿನವರ ಮಾತಿಗೆ ತಲೆದೂಗಿದ್ದರೆ ನೆಗಡಿಗೆ ಮೂಗು ಕೊಯ್ದುಕೊಂಡಂತಾಗುತ್ತಿತ್ತು.

ಇದರ ಮರ್ಮ ಓದುಗರಿಗೆ ತಿಳಿದಿರುವುದು ಒಳ್ಳೆಯದು. ನೀಲಿ ಹೊಗೆಯೆಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ ಎಂದರ್ಥ. ರಾತ್ರಿಯಿಡೀ ನಿಂತ ಕಾರು ಚಾಲೂ ಆದಾಗ ಮಾತ್ರ ಒಂದಿಷ್ಟು ಹೊಗೆ ಬಂದು ನಿಂತರೆ ಸಂಶಯ ವಾಲ್ವ್ ಸೀಲುಗಳ ಮೇಲೆ. ಏರು ಹತ್ತುವಾಗ, ವೇಗ ಹೆಚ್ಚಿಸುವಾಗ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗುಗಳ ಮೇಲೆ. ಕಂಪ್ರೆಷನ್ ಕಡಮೆಯಿದ್ದ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಹನಿಸಿ ಮತ್ತೊಮ್ಮೆ ಅಳೆದಾಗ ಒತ್ತಡ ಏರಿದರೆ ರಿಂಗುಗಳು ಸವೆದಿವೆಯೆಂದು ತಿಳಿಯಬೇಕು. ಏರದಿದ್ದರೆ ದೋಷವನ್ನು ವಾಲ್ವುಗಳಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ ಹುಡುಕಬೇಕು. ಅಲ್ಪ ವೇಳೆಯ ಈ ಪರೀಕ್ಷೆಯನ್ನು ಮಾಡದೆ ಎಂಜಿನ್ ಬಿಚ್ಚಲು ಹೊರಡುವವರಿಂದ ದೂರವಿರುವುದು ಲೇಸು. ಬಿಚ್ಚುವ ಮೊದಲು ಕಾರಣವನ್ನು ತೋರಿಸಬಲ್ಲವನೇ ನಂಬುಗೆಗೆ ಅರ್ಹನೆಂಬುದು ನಮ್ಮ ಅಭಿಮತ.

ಕರಾವಳಿಯವರು ಇನ್ನೊಂದು ಮಾತನ್ನು ಮರೆಯಬಾರದು. ಉಪ್ಪುಗಾಳಿ, ದೀರ್ಘ ಮಳೆಗಾಲಗಳಿಂದ ಇಲ್ಲಿನ ಕಾರುಗಳ ತಳ ತುಕ್ಕು ಹಿಡಿಯುತ್ತದೆ. ತಳವೇ ಕೊರೆದುಹೋಗಿರುವ ಕಾರಿಗೆ ಎಂಜಿನ್ ಕೆಲಸ ಮಾಡಿಸುವುದು ಗೆದ್ದಲು ತಿಂದ ತೊಲೆಗೆ ಬಣ್ಣ ಬಳಿದಂತೆ. ಕಾರನ್ನು ಮೇಲೆತ್ತಿಸಿ, ತಳವನ್ನು ನೀವೇ ಕಣ್ಣಾರೆ ನೋಡಿರಿ. 15 ವರ್ಷ ತುಂಬಿದ ಕಾರಿನ ನೋಂದಣಿಯನ್ನು ಐದೈದು ವರ್ಷಗಳಿಗೆ ನವೀಕರಿಸಬೇಕಷ್ಟೆ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ದುರಸ್ತಿಯ ಲೆಕ್ಕದೊಡನೆ ಈ ಲೆಕ್ಕವನ್ನೂ ಕೂಡಿಸಿ ನೋಡುವುದು ವಿವೇಕ.

ಕೆಲಸ ಒಪ್ಪಿಸುವಾಗ ಅಂದಾಜು ವೆಚ್ಚವನ್ನು ಬರವಣಿಗೆಯಲ್ಲಿ ಪಡೆಯಿರಿ. ಅದರಲ್ಲಿ ಬಿಡಿಭಾಗಗಳ ಬೆಲೆಯೂ ಕೂಲಿಯೂ ಬೇರೆ ಬೇರೆಯಾಗಿರಲಿ. ಬಿಚ್ಚಿದ ಮೇಲೆ ಹೊಸ ದೋಷ ಕಂಡರೆ ಫೋನಿನಲ್ಲಿ ತಿಳಿಸಿಯೇ ಮುಂದುವರಿಯಬೇಕೆಂದು ಹೇಳಿರಿ. ತೆಗೆದ ಹಳೆಯ ಭಾಗಗಳನ್ನೂ ಹೊಸ ಭಾಗಗಳ ಪೊಟ್ಟಣಗಳನ್ನೂ ತೋರಿಸಲು ಕೇಳಿರಿ. ಕ್ಲಚ್ ಕೆಲಸದಲ್ಲಿ ಗೇರ್‌ಬಾಕ್ಸ್ ಇಳಿಸುವ ಶ್ರಮವೇ ದೊಡ್ಡದು. ಆದಕಾರಣ ಪ್ಲೇಟಿನ ಜೊತೆಗೆ ಪ್ರೆಷರ್ ಪ್ಲೇಟು, ಬೇರಿಂಗುಗಳನ್ನೂ ಬದಲಿಸಬೇಕೆಂದು ಹೇಳುವವನನ್ನು ದುರಾಸೆಯವನೆಂದು ತಿಳಿಯಬಾರದು. ಅವನು ನಿಮ್ಮ ಮುಂದಿನ ಕೂಲಿಯನ್ನು ಉಳಿಸುತ್ತಿದ್ದಾನೆ.

ಗಡಿನಾಡಿನ ನಮಗೆ ಭಾಷೆಯ ವಿಷಯವೂ ಇದೆ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ತುಳು, ಮಲೆಯಾಳ, ಬ್ಯಾರಿ, ಕನ್ನಡ ಎಲ್ಲವೂ ಕೇಳಿಸುತ್ತವೆ. ನಮ್ಮ ಮಾತನಾಡುವನೆಂಬ ಒಂದೇ ಕಾರಣಕ್ಕೆ ಒಬ್ಬನನ್ನು ನಂಬುವುದೂ, ಬೇರೆ ಮಾತಿನವನೆಂದು ಇನ್ನೊಬ್ಬನನ್ನು ಶಂಕಿಸುವುದೂ ಸಮನಾಗಿ ತಪ್ಪು. ಕೈಯ ಶುದ್ಧಿಗೆ ಭಾಷೆಯಿಲ್ಲ. ಅಂದಾಜು ಪಟ್ಟಿ ಯಾವ ಲಿಪಿಯಲ್ಲಾದರೂ ಇರಲಿ, ಓದಬಲ್ಲವರಿಂದ ಓದಿಸಿಕೊಂಡರಾಯಿತು.

ದುರಸ್ತಿಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು, ಕೆಲಸ ಕೆಟ್ಟರೆ ಪರರಾಜ್ಯದಲ್ಲಿ ದೂರು ಕೊಡುವ ಬವಣೆ ಯಾರಿಗೆ ಬೇಕೆಂದು ಸುಮ್ಮನಾಗುವುದುಂಟು. ಆ ಅಡಚಣೆ ಈಗ ಉಳಿದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಮಂಗಳೂರಿನ ಕೆಲಸದ ದೂರನ್ನು ಕಾಸರಗೋಡಿನಲ್ಲಿಯೇ ಕೊಡಬಹುದೆಂದಾಯಿತು. ಕಾಲಾವಧಿ ಎರಡು ವರ್ಷ. ಆದರೆ ಬಿಲ್ಲು ಬೇಕು. ಬಿಲ್ಲಿಲ್ಲದೆ ನಾಲ್ಕು ಕಾಸು ಉಳಿಸಿದವನ ಕೈಯಲ್ಲಿ ಆ ದಿನ ಸಾಕ್ಷ್ಯವೂ ಉಳಿಯುವುದಿಲ್ಲ.

ಮೆಕ್ಯಾನಿಕನಿಗೂ ನಮ್ಮಿಂದ ನ್ಯಾಯ ಸಲ್ಲಬೇಕು. ದೋಷವನ್ನು ಹುಡುಕಿದ ಶ್ರಮಕ್ಕೆ ಹಣ ಕೊಡಲು ಹಿಂಜರಿಯುವವರೇ ಹೆಚ್ಚು. ಪರೀಕ್ಷೆಗೆ ಕೂಲಿ ದೊರೆಯದೆಂದು ಕಂಡವನು ಅದನ್ನು ಬೇರೆಲ್ಲಿಯೋ ಸೇರಿಸದೆ ಬಿಟ್ಟಾನೆಯೇ? ಪ್ರಾಮಾಣಿಕನ ಕೂಲಿಯಲ್ಲಿ ಚೌಕಾಸಿ ಮಾಡಿ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಉಚಿತವಲ್ಲ.

ನಂಬುಗೆಯ ಮೆಕ್ಯಾನಿಕ್ ಕಾರು ಕೆಟ್ಟು ನಿಂತ ದಿನ ಹುಡುಕಿದರೆ ಸಿಕ್ಕುವವನಲ್ಲ. ಆತುರದಲ್ಲಿ ಆರಿಸುವ ವ್ಯವಧಾನವಿರುವುದಿಲ್ಲ. ಕಾರು ಚೆನ್ನಾಗಿ ಓಡುತ್ತಿರುವಾಗಲೇ ಎಣ್ಣೆ ಬದಲಾವಣೆ, ಬ್ರೇಕು, ವೈಪರುಗಳಂಥ ಸಣ್ಣ ಕೆಲಸಗಳನ್ನು ಕೊಟ್ಟು ನೋಡಿರಿ. ಹೇಳಿದ ದಿನ ಕೊಟ್ಟನೇ, ಹೇಳಿದಷ್ಟೇ ತೆಗೆದುಕೊಂಡನೇ, ಬೇಡದ ಕೆಲಸವನ್ನು ಬೇಡವೆಂದನೇ ಎಂಬುದನ್ನು ಗಮನಿಸಿರಿ. ಮಳೆಗಾಲಕ್ಕೆ ಮೊದಲು ಬ್ರೇಕ್ ತೋರಿಸಲು ಹೋಗುವ ದಿನವೇ ಈ ಪರಿಚಯಕ್ಕೆ ತಕ್ಕ ಮುಹೂರ್ತ.